ಭೋಗ, ಉಪಭೋಗ ಮತ್ತು ರೇಷ್ಮೆ ಸೀರೆ

ಐಶ್ವರ್ಯವೇ ಪಾಪವೆಂದು ಜೈನಾಚಾರ್ಯರು ಗೃಹಸ್ಥನಿಗೆ ಬೋಧಿಸಲಿಲ್ಲ. ಮುನಿಗೆ ಸರ್ವಪರಿತ್ಯಾಗವನ್ನೂ ಶ್ರಾವಕನಿಗೆ ಪರಿಮಾಣವನ್ನೂ ವಿಧಿಸಿದರು. ಭೋಗವಿಲಾಸಗಳನ್ನು ಕುರಿತ ನೈತಿಕ ವಿಚಾರದ ಇತಿಹಾಸದಲ್ಲಿ ಈ ಪರಿಮಾಣದ ಕಲ್ಪನೆಗೆ ವಿಶಿಷ್ಟವಾದ ಸ್ಥಾನವಿದೆ. ಕೊಳ್ಳೇಗಾಲ ಸೀಮೆಯವರಾದ ನಾವು ಅದನ್ನು ಪರೀಕ್ಷಿಸಿ ನೋಡಲು ರೇಷ್ಮೆಗಿಂತ ತಕ್ಕ ವಸ್ತು ಬೇರೊಂದಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಮ್ಮೆ ಅನುಭವಿಸಿ ಮುಗಿಯುವುದನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸತಕ್ಕುದನ್ನು ಉಪಭೋಗವೆಂದೂ ವಿಂಗಡಿಸುತ್ತದೆ. ಅನ್ನವು ಭೋಗ, ವಸ್ತ್ರವು ಉಪಭೋಗ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವನ್ನೇ ಉಪಭೋಗ, ಪರಿಭೋಗ ಎಂದು ಕರೆದರು. ನಮ್ಮ ನೆರೆಯ ಮಲೆಯೂರಿನ ಕನಕಗಿರಿಯನ್ನು ಪರಂಪರೆಯು ಈ ಪೂಜ್ಯಪಾದರ ತಪೋಭೂಮಿಯೆಂದೇ ಗೌರವಿಸುತ್ತದೆ. ಆಹಾರ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಆಭರಣ, ಸಂಗೀತ ಇವುಗಳಿಗೆ ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ಅವಧಿ ಗೊತ್ತುಮಾಡಿಕೊಂಡು ಮಿತಿಯನ್ನು ಹಾಕಿಕೊಳ್ಳುವುದು ನಿಯಮ. ಜೀವಾವಧಿ ಬಿಡುವುದು ಯಮ. ವರ್ತಕನಿಗೆ ಅವಧಿಯ ಲೆಕ್ಕ ಹೊಸದಲ್ಲ.

ಅರಮನೆಯ ದೃಷ್ಟಿಯೇ ಬೇರೆಯಾಗಿತ್ತು. ಯಳಂದೂರಿನಲ್ಲಿ ಜನಿಸಿದ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ (1673-1704) ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಿಂದಲೇ ಸಂಚಿ ಹೊನ್ನಮ್ಮಳೆಂದು ಪ್ರಸಿದ್ಧಳಾದಳು. 'ಹದಿಬದೆಯ ಧರ್ಮ'ವನ್ನು ರಚಿಸಿದಳು. ತಾಂಬೂಲವನ್ನು ಒದಗಿಸುವುದಕ್ಕೇ ಒಬ್ಬ ಊಳಿಗದವಳಿರುವುದು ಅರಮನೆಯಲ್ಲಿ ಪದವಿಯ ಲಕ್ಷಣ. ಅದೇ ತಾಂಬೂಲವು ಶ್ರಾವಕನ ಪಟ್ಟಿಯಲ್ಲಿ ಮಿತಿಗೊಳಪಡಬೇಕಾದ ಒಂದು ಬಾಬು. ರಾಜಮರ್ಯಾದೆಯು ಯಾರಿಗೆ ಎಷ್ಟು ಸಲ್ಲುತ್ತದೆಂದು ಕೇಳಿದರೆ, ವ್ರತವು ನನಗೆ ಎಷ್ಟು ಸಾಕೆಂದು ಕೇಳುತ್ತದೆ.

ಇನ್ನು ರೇಷ್ಮೆಯ ವಿಚಾರ. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಮೈಸೂರು ರಾಜ್ಯದಲ್ಲಿ ರೇಷ್ಮೆ ಕೃಷಿಗೆ ಪ್ರೋತ್ಸಾಹ ಕೊಟ್ಟನು. 1799ರಲ್ಲಿ ಕೊಳ್ಳೇಗಾಲವು ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಮದ್ರಾಸ್ ಪ್ರಾಂತ್ಯದ ರೇಷ್ಮೆ ಕೃಷಿಯ ಬಹುಭಾಗ ಈ ತಾಲ್ಲೂಕಿನಲ್ಲೇ ಇತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ಚಾಮರಾಜನಗರ ಜಿಲ್ಲೆಯವರಾದೆವು. ಗಡಿಗಳು ಬದಲಾದರೂ ಹನೂರಿನ ಕಡೆಯ ಹಿಪ್ಪುನೇರಳೆ ತೋಟಗಳಿಗೂ ಕೊಳ್ಳೇಗಾಲದ ಮಗ್ಗಗಳಿಗೂ ಇದ್ದ ಸಂಬಂಧ ಕಡಿಯಲಿಲ್ಲ.

ಜರಿಯಂಚಿನ ಆ ಸೀರೆಯನ್ನು ಮಡಿಯೆಂದು ಉಟ್ಟು ಪೂಜೆಗೆ ನಿಲ್ಲುವವರುಂಟು. ಆದರೆ ಅಖಂಡವಾದ ಎಳೆಗಾಗಿ ಹುಳುವು ಚಿಟ್ಟೆಯಾಗಿ ಹೊರಬರುವ ಮೊದಲೇ ಗೂಡನ್ನು ಬಿಸಿಗೆ ಒಡ್ಡಬೇಕು. ಒಂದು ಸೀರೆಗೆ ಸಾವಿರಾರು ಗೂಡುಗಳು, ಅಷ್ಟೂ ತ್ರಸಜೀವಗಳು. ಫಲವು ಅಲ್ಪವಾಗಿ ಜೀವಘಾತವು ಅಧಿಕವಾಗುವಂಥ ಕಂದಮೂಲ, ಬೆಣ್ಣೆ, ಹೂಗಳನ್ನು ಬಿಡಬೇಕೆಂದು ಸಮಂತಭದ್ರರು ಹೇಳಿದ್ದಾರೆ. ಅವರು ಆಹಾರಕ್ಕೆ ಹಿಡಿದ ಈ ತಕ್ಕಡಿಯನ್ನು ನಾವು ಉಡುಗೆಗೂ ಏಕೆ ಹಿಡಿಯಬಾರದು?

ಹಿಂದೆ ತಾಯಿಯ ಧಾರೆಸೀರೆಯನ್ನು ಮಗಳು ಉಡುತ್ತಿದ್ದಳು. ಸವೆದ ಸೀರೆಯ ಜರಿಯನ್ನೂ ಬಿಸಾಡುತ್ತಿರಲಿಲ್ಲ. ಅದು ನಿಜವಾಗಿ ಉಪಭೋಗವಾಗಿತ್ತು. ಇಂದು ಒಂದೊಂದು ಶಾಸ್ತ್ರಕ್ಕೆ ಒಂದೊಂದು ಹೊಸ ಸೀರೆ. ಛಾಯಾಚಿತ್ರದಲ್ಲಿ ಒಮ್ಮೆ ಕಾಣಿಸಿಕೊಂಡದ್ದು ಮತ್ತೆ ಮೈಮೇಲೆ ಬರುವುದು ಅಪರೂಪ. ಉಪಭೋಗವು ಹೀಗೆ ಭೋಗವಾಯಿತು. ನಮ್ಮ ಕಾಲದ ವಿಲಾಸದ ಲಕ್ಷಣವು ಬೆಲೆಯಲ್ಲಿಲ್ಲ, ಈ ಪರಿವರ್ತನೆಯಲ್ಲಿದೆ. ಹಿಂಸೆಯೇನೋ ಎರಡು ಕಡೆಯೂ ಹಿಂಸೆಯೇ. ಆದರೆ ಐವತ್ತು ಬಾರಿ ಉಟ್ಟ ಸೀರೆಗೂ ಒಮ್ಮೆ ಉಟ್ಟ ಸೀರೆಗೂ ಫಲದ ಲೆಕ್ಕ ಒಂದೇ ಆಗಲಾರದು.

ರೇಷ್ಮೆಯನ್ನು ಬಿಟ್ಟರೆ ನೇಕಾರನ ಗತಿಯೇನೆಂಬ ಆಕ್ಷೇಪವು ಸಣ್ಣದಲ್ಲ. ನಮ್ಮ ಊರಿನ ಅನೇಕ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಆದರೆ ವ್ರತವು ತನಗೆ ತಾನೇ ಹಾಕಿಕೊಳ್ಳುವ ಕಟ್ಟು. ಪರರ ಮಗ್ಗವನ್ನು ನಿಲ್ಲಿಸುವ ಆಜ್ಞೆಯಲ್ಲ. ಬಲ್ಲವರು ರೇಷ್ಮೆಯನ್ನು ಯಮವಾಗಿ ಬಿಡಲಿ. ಆಗದವರು ಮನೆಯ ಮುಂದಿನ ಮದುವೆಗೆ ಒಂದು ನಿಯಮವನ್ನಾದರೂ ಹಿಡಿಯಲಿ: ಪೆಟ್ಟಿಗೆಯಲ್ಲಿರುವುದನ್ನು ಮೊದಲು ಎಣಿಸಿ, ಹೊಸದು ಎಷ್ಟು ಸಾಕೆಂಬುದನ್ನು ಅಂಗಡಿಗೆ ಹೋಗುವ ಮುನ್ನವೇ ನಿಶ್ಚಯಿಸಲಿ.