ಕೀಲು ಚುಚ್ಚುಮದ್ದು, ನಿಧಾನ ಬಿಡುಗಡೆಯ (ನಾಯಿಗಳಲ್ಲಿ)

ಸಂಧಿವಾತದಿಂದ ನರಳುವ ನಾಯಿಯ ಕೀಲಿನೊಳಕ್ಕೆ ನೇರವಾಗಿ ಚುಚ್ಚಿ, ಔಷಧ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಒಸರುವಂತೆ ಮಾಡುವ ಚಿಕಿತ್ಸೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳ ಸೊಂಟ, ಮೊಣಕೈಗಳಲ್ಲಿ ಕೀಲು ಸವೆಯುವ ಈ ಬೇನೆ ಹೆಚ್ಚು. ಬರಿಯ ದ್ರಾವಣವಾಗಿ ಚುಚ್ಚಿದ ಮದ್ದನ್ನು ಕೀಲಿನ ಒಳಪೊರೆ ಬೇಗನೆ ರಕ್ತಕ್ಕೆ ಸಾಗಿಸಿಬಿಡುತ್ತದೆ, ತೊಡಕಿರುವುದೇ ಇಲ್ಲಿ. ಹಾಗಾಗಿ ಟ್ರಯಾಮ್ಸಿನೊಲೋನ್‌ನಂಥ ಸ್ಟೀರಾಯ್ಡನ್ನು ಪಿಎಲ್‌ಜಿಎ ಪಾಲಿಮರಿನ ಸೂಕ್ಷ್ಮ ಗೋಲಿಗಳಲ್ಲಿ ಅಡಗಿಸುತ್ತಾರೆ. ಗೋಲಿ ಕರಗುತ್ತ ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲಗಳಾಗುತ್ತದೆ, ಮದ್ದು ಹೊರಬರುತ್ತದೆ. ಈ ಬಗೆಯ ಜಿಲ್ರೆಟಾ ಎಂಬ ಚುಚ್ಚುಮದ್ದಿಗೆ 2017ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು ಮನುಷ್ಯರ ಮಂಡಿಗೆ. ನಾಯಿಗಳಲ್ಲಿ ಈ ವಿಧಾನ ಬಹುಮಟ್ಟಿಗೆ ಪ್ರಯೋಗದ ಹಂತದ್ದು. ನಾಯಿಗಳ ಸಂಧಿವಾತದ ನೋವಿಗೆಂದು 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಡಿನ್‌ವೆಟ್‌ಮ್ಯಾಬ್ ಎಂಬ ಮದ್ದು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವಂಥದ್ದು, ಕೀಲಿನೊಳಕ್ಕಲ್ಲ. ಎರಡೂ ಒಂದೇ ಎಂದು ತಿಳಿಯಬಾರದು.

ಕೀಲಿಗೆ ಸೂಜಿ ಹಾಕಲು ನಾಯಿಗೆ ಮಂಪರು ಬರಿಸಿ, ರೋಮ ಬೋಳಿಸಿ, ಶುಚಿ ಮಾಡಬೇಕು; ಸೋಂಕು ಹೊಕ್ಕರೆ ಕೀಲೇ ಹಾಳು. ಸ್ಟೀರಾಯ್ಡ್ ಪದೇಪದೇ ಬಿದ್ದರೆ ಮೃದ್ವಸ್ಥಿಗೂ ಹಾನಿ. ಚುಚ್ಚುಮದ್ದು ನೋವು ತಗ್ಗಿಸೀತು, ಸವೆದದ್ದನ್ನು ಮರಳಿ ಬೆಳೆಸದು. ಮನೆಯಲ್ಲಿ ಜಾರುವ ಟೈಲ್ಸ್ ಮೇಲೆ ಚಾಪೆ ಹಾಸುವುದು, ನಾಯಿಯ ತೂಕ ಇಳಿಸುವುದು ಇದರಷ್ಟೇ ಮುಖ್ಯ. ನೋವಿಗೆಂದು ಮನುಷ್ಯರ ಐಬುಪ್ರೊಫೆನ್ ಮಾತ್ರೆ ಕೊಡಬಾರದು, ಅದು ನಾಯಿಗೆ ವಿಷ.