ಡ್ಯಾಶ್‌ಬೋರ್ಡ್ ಡಿಮ್ಮರ್: ದೋಷಪತ್ತೆ

ರಾತ್ರಿ ಚಾಲನೆಯಲ್ಲಿ ಮೀಟರುಗಳ ಹಿಂಬೆಳಕನ್ನು ಕಣ್ಣಿಗೆ ಹಿತವಾಗುವಷ್ಟು ತಗ್ಗಿಸುವ ವ್ಯವಸ್ಥೆ. ಹಳೆಯ ಕಾರುಗಳಲ್ಲಿ ಇದು ತಂತಿ ಸುತ್ತಿದ ರಿಯೊಸ್ಟಾಟ್‌ನ ಕೆಲಸ. ಹೊಸವುಗಳಲ್ಲಿ ವಿದ್ಯುತ್ತನ್ನು ಅತಿವೇಗವಾಗಿ ಹರಿಸಿ ತಡೆಯುವ ಎಲೆಕ್ಟ್ರಾನಿಕ್ ಡಿಮ್ಮರ್‌ನದು.

ಬೆಳಕು ಪೂರ್ತಿ ಹೋದರೆ, ಗುಂಡಿ ತೀರಾ ಕೆಳಗಿದೆಯೇ ಎಂದು ಮೊದಲು ನೋಡಬೇಕು. ಆಮೇಲೆ ಹಿಂಬದಿಯ ಪಾರ್ಕಿಂಗ್ ದೀಪ: ಅನೇಕ ಮಾದರಿಗಳಲ್ಲಿ ಎರಡಕ್ಕೂ ಒಂದೇ ಫ್ಯೂಸ್. ಅದೂ ಆರಿದ್ದರೆ ಶಂಕೆ ಫ್ಯೂಸಿನ ಮೇಲೆ. ಉರಿಯುತ್ತಿದ್ದರೆ ಮಲ್ಟಿಮೀಟರ್ ಹಿಡಿಯುವ ಸಮಯ. ರಿಯೊಸ್ಟಾಟ್‌ಗೆ 12 ವೋಲ್ಟ್ ಬರುತ್ತಿದ್ದು, ಗುಂಡಿ ಎಷ್ಟು ತಿರುಗಿಸಿದರೂ ಅದರಿಂದ ಏನೂ ಹೊರಡದಿದ್ದರೆ ಒಳಗಿನ ಸುರುಳಿ ಕಡಿದಿದೆ.

ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ, ಆಮೇಲೆ ಹಾಕಿಸಿದ ಸ್ಟೀರಿಯೊದ ಹಿಂದೆ ಹುಡುಕಬೇಕು. ಅಲ್ಲಿ ದೀಪದ ತಂತಿ ಲೋಹದ ಚೌಕಟ್ಟಿಗೆ ತಾಗಿರುವುದುಂಟು. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕಿದರೆ ತಂತಿಯೇ ಹೊತ್ತಿಕೊಳ್ಳಬಹುದು. ಹಾಗೆ ಎಂದಿಗೂ ಮಾಡಬಾರದು.