ಕಾರಿನ ಬಾಗಿಲ ರಬ್ಬರು ಮತ್ತು ಇನ್ನೂರು ವರ್ಷದ ಅಂಟು

ಆಷಾಢದಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮುರು ಕಡೆ ಕಾರು ಓಡಿಸಿದವರಿಗೆ ಬಾಗಿಲ ರಬ್ಬರಿನ ಬೆಲೆ ಹೇಳಿಕೊಡಬೇಕಿಲ್ಲ. ಮಳೆ ಕಮ್ಮಿ, ಗಾಳಿ ಜಾಸ್ತಿ, ಗಾಳಿ ತುಂಬ ಮಣ್ಣು. ಬಾಗಿಲ ಸುತ್ತ ಇರೋ ಕಪ್ಪು ರಬ್ಬರು, ಮೆಕ್ಯಾನಿಕ್‌ಗಳ ಬಾಯಲ್ಲಿ ಬೀಡಿಂಗು, ಎರಡಿಂಚು ಹರಿದಿದ್ದರೆ ಸಾಕು. ಊರು ಮುಟ್ಟೋ ಹೊತ್ತಿಗೆ ಸೀಟಿನ ಮೇಲೆ ಬೆರಳಲ್ಲೇ ಹೆಸರು ಬರೀಬಹುದು.

ಹರಿದ ಬೀಡಿಂಗಿಗೆ ನಮ್ಮ ಕಡೆ ಹಳೇ ಮದ್ದು ಅಂದ್ರೆ ಪಂಚರ್ ಅಂಗಡಿಯ ಸಲ್ಯೂಷನ್. ‘ಅಂಬಾಸಡರ್ ಕಾಲದಲ್ಲಿ ಗಟ್ಟಿಯಾಗಿ ಕೂರ್ತಿತ್ತು, ಈಗ ನಾಲ್ಕೇ ದಿನಕ್ಕೆ ಬಿಟ್ಕೊಳ್ಳುತ್ತೆ’ ಅಂತ ಹಿರಿಯರು ಗೊಣಗ್ತಾರೆ. ಸಲ್ಯೂಷನ್ ಕಲಬೆರಕೆ, ಹುಡುಗರಿಗೆ ಕೆಲಸ ಬರಲ್ಲ ಅಂತ ಬೈಗುಳ ಬೇರೆ. ಬೈಯೋ ಮುಂಚೆ ಸ್ವಲ್ಪ ಇತಿಹಾಸ ನೋಡೋಣ. ಬದಲಾಗಿರೋದು ರಬ್ಬರೇ.

1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂತೋಷ್, ಕಲ್ಲಿದ್ದಲ ಟಾರಿನಿಂದ ಸಿಗೋ ನಾಫ್ತಾದಲ್ಲಿ ರಬ್ಬರು ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ನೀರು ಇಳಿಯದ ಬಟ್ಟೆಗೆ ಪೇಟೆಂಟ್ ಪಡೆದ. ನಾಫ್ತಾ ಆರಿಹೋದ ಮೇಲೆ ಉಳಿಯೋದು ರಬ್ಬರು, ಅದೇ ಅಂಟು. ನಮ್ಮ ಸಲ್ಯೂಷನ್ ಈ ವಂಶದ್ದೇ. ಚಳ್ಳಕೆರೆ ಸೀಮೆಯ ಕಂಬಳಿ ನೇಯೋರು ಉಣ್ಣೆಯ ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಎಳೆಗಳನ್ನ ಬಿಗಿ ಮಾಡ್ತಾರಲ್ಲ, ಅಲ್ಲಿರೋ ವಿವೇಕವೂ ಇದೇ: ವಸ್ತು ಯಾವುದೋ ಅದಕ್ಕೆ ಹೊಂದೋ ಅಂಟು.

ಮ್ಯಾಕಿಂತೋಷ್ ಬಟ್ಟೆಗೆ ಒಂದು ರೋಗ ಇತ್ತು. ಬಿಸಿಲಿಗೆ ಜಿಗುಟು, ಚಳಿಗೆ ಗಡಸು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಆ ರೋಗ ಹೋಗುತ್ತೆ ಅಂತ ಕಂಡುಕೊಂಡ. 1844ರಲ್ಲಿ ಪೇಟೆಂಟ್ ಸಿಕ್ಕಿತು. 1860ರಲ್ಲಿ ಸಾಯುವಾಗ ಮೈತುಂಬ ಸಾಲ. ಆದರೂ ಗಂಧಕದ ರಬ್ಬರಿಗೆ ಇನ್ನೊಬ್ಬ ಶತ್ರು ಉಳಿದೇ ಇದ್ದ: ಗಾಳಿಯಲ್ಲಿರೋ ಓಜೋನ್. ರಬ್ಬರಿನ ಅಣುಸರಪಳಿಯಲ್ಲಿ ಜೋಡಿ ಬಂಧಗಳಿರ್ತವೆ. ಓಜೋನ್ ಅಲ್ಲಿಗೇ ಬಾಯಿ ಹಾಕಿ ಕತ್ತರಿಸುತ್ತೆ. ಹಳೇ ರಬ್ಬರಿನ ಮೈಮೇಲೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬೀಳೋದು ಹೀಗೆ.

1931ರಲ್ಲಿ ಡ್ಯುಪಾಂಟ್ ಕಂಪನಿಯ ನಿಯೋಪ್ರೀನ್ ಬಂತು. ಇದು ಬಿಸಿಲು, ಓಜೋನ್ ಎರಡನ್ನೂ ಚೆನ್ನಾಗಿ ತಡೀತಿತ್ತು. ಕರಗಿಸಿದರೆ ಒಳ್ಳೇ ಅಂಟೂ ಆಗ್ತಿತ್ತು. ಎರಡೂ ಕಡೆ ಹಚ್ಚಿ, ಸ್ವಲ್ಪ ಆರೋಕೆ ಬಿಟ್ಟು, ಆಮೇಲೆ ಒತ್ತಬೇಕು. ಚಪ್ಪಲಿ ರಿಪೇರಿಯವರ ಹಳದಿ ಅಂಟು ಬಹುಪಾಲು ಈ ಜಾತಿಯದು.

1963ರಲ್ಲಿ ಜೀಗ್ಲರ್ ಮತ್ತು ನಟ್ಟಾ ಅವರಿಗೆ ನೊಬೆಲ್ ತಂದ ರಸಾಯನಶಾಸ್ತ್ರದಿಂದಲೇ ಇಪಿಡಿಎಂ ಅನ್ನೋ ರಬ್ಬರು ಹುಟ್ಟಿ, ಆ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇದರ ಸರಪಳಿಯ ಬೆನ್ನಿನಲ್ಲಿ ಜೋಡಿ ಬಂಧವೇ ಇಲ್ಲ, ಓಜೋನ್‌ಗೆ ಕಚ್ಚೋಕೆ ಜಾಗ ಸಿಗಲ್ಲ. ಇವತ್ತಿನ ಹೆಚ್ಚಿನ ಕಾರುಗಳ ಬೀಡಿಂಗು ಇದೇ. ಅಡಚಣೆ ಏನಂದ್ರೆ, ಇದರ ಮೈಗೆ ಅಂಟೂ ಸುಲಭಕ್ಕೆ ಹಿಡಿಯಲ್ಲ. ಟ್ಯೂಬಿಗೆ ಹೊಂದೋ ಸಲ್ಯೂಷನ್ ಇಲ್ಲಿ ಸೋಲುತ್ತೆ. ವರ್ಷನ್ ಬದಲಾಯ್ತು, ಪಂಚರ್ ಅಂಗಡಿಗೆ ರಿಲೀಸ್ ನೋಟ್ ಮಾತ್ರ ಯಾರೂ ಕಳಿಸಲಿಲ್ಲ.

ಇದಕ್ಕೆ ಹೊಂದೋ ಅಂಟು ಹುಟ್ಟಿದ್ದು ಇನ್ನೂ ಮುಂಚೆ. 1942ರಲ್ಲಿ ಕೊಡ್ಯಾಕ್ ಕಂಪನಿಯ ಹ್ಯಾರಿ ಕೂವರ್ ತಂಡ ಬಂದೂಕಿನ ಗುರಿಕಣ್ಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕ್ತಾ ಸಯನೋಅಕ್ರಿಲೇಟ್ ಮೇಲೆ ಕೆಲಸ ಮಾಡಿತ್ತು. ಮುಟ್ಟಿದ್ದಕ್ಕೆಲ್ಲ ಅಂಟುತ್ತೆ ಅಂತ ಪಕ್ಕಕ್ಕಿಟ್ಟರು. ಅಂಟಾಗಿ ಮಾರಾಟಕ್ಕೆ ಬಂದಿದ್ದು 1958ರಲ್ಲಿ. ನಮ್ಮ ಫೆವಿಕ್ವಿಕ್ ಈ ಕುಲದ್ದು. ಇಪಿಡಿಎಂ ಹರಿದ ಅಂಚುಗಳನ್ನ ಇದು ಚೆನ್ನಾಗಿ ಕೂಡಿಸುತ್ತೆ.

ಮಾಡೋ ಕ್ರಮ ಸರಳ. ಎಣ್ಣೆ ಊರಿನವರಿಗೆ ಬಾಗಿಲ ರಬ್ಬರಿಗೂ ಕಡ್ಲೆಕಾಯಿ ಎಣ್ಣೆ ಸವರೋ ಆಸೆ ಆಗಬಹುದು. ಎಣ್ಣೆ ಇದ್ದಲ್ಲಿ ಮಣ್ಣು ಕೂರುತ್ತೆ, ಅಂಟು ಕೂರಲ್ಲ. ಪೆಟ್ರೋಲಿನಲ್ಲೂ ಒರೆಸಬೇಡಿ, ಇಪಿಡಿಎಂ ಊದಿಕೊಳ್ಳುತ್ತೆ. ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ, ಹರಿದ ಅಂಚಿಗೆ ಒಂದೆರಡು ಹನಿ ಹಾಕಿ ಒತ್ತಿ ಹಿಡೀರಿ. ಗಾಳಿಯ ತೇವದಿಂದಲೇ ಗಟ್ಟಿಯಾಗೋ ಅಂಟಿದು; ನಮ್ಮ ಒಣ ಹವೆಯಲ್ಲಿ ಸ್ವಲ್ಪ ನಿಧಾನ, ತಾಳ್ಮೆ ಇರಲಿ. ಒಳಗಿನ ಟೊಳ್ಳಿಗೆ ಅಂಟು ತುಂಬಬೇಡಿ, ಕಲ್ಲಾಗಿಬಿಡುತ್ತೆ. ಬಾಗಿಲ ತಗಡಿನಿಂದ ರಬ್ಬರು ಎದ್ದಿದ್ದರೆ ಅದಕ್ಕೆ ನಿಯೋಪ್ರೀನ್ ಜಾತಿಯ ಅಂಟು. ರಬ್ಬರು ಚಪ್ಪಟೆಯಾಗಿ ಜೀವ ಬಿಟ್ಟಿದ್ದರೆ ಮಾತ್ರ ಬದಲಾಯಿಸೋದೇ ಸರಿ.

ನಾವು ಬೆಂಗಳೂರಲ್ಲಿ ಕೂತು ‘ಹಳ್ಳಿ ಕಡೆ ರಿಪೇರಿ ಕಸುಬು ಸತ್ತೋಯ್ತು’ ಅಂತ ಬೇಗ ತೀರ್ಪು ಕೊಡ್ತೀವಿ, ಸಣ್ಣ ಹರುಕಿಗೆ ಇಡೀ ಸೆಟ್ ಬದಲಾಯಿಸ್ತೀವಿ. ಟೈರು, ಟ್ಯೂಬು ನೋಡಿ ನೋಡಿ ರಬ್ಬರಿನ ಗುಣ ಅರಿತ ಕೈಗಳು ಆ ಅಂಗಡಿಗಳಲ್ಲಿ ಇನ್ನೂ ಇವೆ. ಮುಂದಿನ ಸಲ ಊರಿಗೆ ಹೋದಾಗ ಸರಿಯಾದ ಟ್ಯೂಬ್ ಒಂದನ್ನ ಕೊಟ್ಟು, ‘ಅಣ್ಣ, ಈ ರಬ್ಬರಿಗೆ ಇದು ಹಾಕಿ ನೋಡಿ’ ಅಂತ ಹೇಳಿದರೆ ಸಾಕು. ಉಳಿದದ್ದು ಅವರಿಗೇ ಗೊತ್ತಾಗುತ್ತೆ.